ಬಿಯರ್ ಗಾರ್ಡನ್ನಿಗೆ ಹೊಲಮನಿ ನೋಡಲು ಹೋದದ್ದು

ಮೇ ತಿಂಗಳ ನಡುಮಧ್ಯಾಹ್ನ. ದೊಡ್ಡ ಬೇವಿನ ಮರದ ಕೆಳಗೆ ಉದ್ದನೆಯ ಕಟ್ಟಿಗೆ ಟೇಬಲ್ಲು. ಅದರ ಮೇಲೆ ಮೈಯೆಲ್ಲ ಬೆವೆತು ನಿಂತ ತಣ್ಣೀರಿನ ಗಾಜಿನ ಜಗ್ಗು. ಸುತ್ತ ಕೂತ ನಮ್ಮೆಲ್ಲರ ಗಂಟಲು ಒಣಗಿದೆ. ಎಲ್ಲರ ಕಣ್ಣೂ ಜಗ್ಗಿನ ಮೇಲೆಯೇ ಇದೆ. ಆದರೆ ಒಬ್ಬರೂ ಕೈ ಚಾಚುತ್ತಿಲ್ಲ.

ಸಪ್ಲೈಯರ್ ಬಂದರು, ಹೋದರು, ಮತ್ತೆ ಬಂದರು. ಮೊದಲು ಇಂಗ್ಲಿಷಿನಲ್ಲಿ ಕೇಳಿದರು. ಆಮೇಲೆ ನಮ್ಮ ಅಣ್ಣನ ಟೊಪ್ಪಿಗೆ ನೋಡಿ ಕನ್ನಡಕ್ಕೆ ಬಂದರು. ನಡುವಯಸ್ಸಿನ ಮನುಷ್ಯ, ವಿಚಾರಿಸಿದರೆ ನಮ್ಮ ನರಗುಂದದವರೇ.

"ಅಕ್ಕಾರ, ಇವತ್ತ ಎಲ್ಲಾರದೂ ಉಪಾಸ ಐತೇನ್ರಿ?"

"ಉಪಾಸ ಅಲ್ರಿ. ಹೊಲಮನಿ ನೋಡಾಕ ಬಂದೀವಿ," ಎಂದೆ.

ಅವರು ನಮ್ಮನ್ನು ನೋಡಿದರು. ಸುತ್ತಲಿನ ಟೇಬಲ್ಲುಗಳನ್ನು, ನೊರೆ ಉಕ್ಕುವ ಗ್ಲಾಸುಗಳನ್ನು, ಸೆಲ್ಫಿ ತೆಗೆದುಕೊಳ್ಳುವ ಜನರನ್ನು ನೋಡಿದರು. ಪಾಪ, ಅವರಾದರೂ ಏನು ಮಾಡಿಯಾರು? ಬಿಯರ್ ಗಾರ್ಡನ್ನಿನಲ್ಲಿ ಹೊಲ ಎಲ್ಲಿ, ಮನೆ ಎಲ್ಲಿ?

ಮೊದಲಿನಿಂದ ಹೇಳುತ್ತೇನೆ.

ಅಸೂಟಿಯಲ್ಲಿ ಒಕ್ಕಲುತನ ಮಾಡಿಕೊಂಡಿರುವ ನಮ್ಮ ಅಣ್ಣ ಈರಪ್ಪನ ಮಗಳು ಸವಿತಾ. ಗದಗಿನ ಖಾಸಗಿ ದವಾಖಾನೆಯೊಂದರಲ್ಲಿ ನರ್ಸ್. ಅವಳಿಗೆ ಗೊತ್ತು ಮಾಡಲು ನೋಡಿದ ಹುಡುಗ ನರೇಗಲ್ಲಿನ ಮಂಜುನಾಥ. ತಂದೆ ಇಲ್ಲ. ತಾಯಿ ಗಂಗವ್ವ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾರೆ. ಹುಡುಗ ಬಿ.ಎಸ್ಸಿ. ಓದಿದ್ದಾನೆ, ಮಾತು ಮೆತ್ತಗೆ, ನಗು ಚೆಂದ. ಇಬ್ಬರೂ ಭೇಟಿಯಾದರು, ಫೋನಿನಲ್ಲಿ ಮಾತಾಡಿಕೊಂಡರು, ಒಪ್ಪಿದರು. ಎಲ್ಲ ಸರಿಯಾಗಿಯೇ ಹೊರಟಿತ್ತು. ಒಂದು ದಿನ ಅಣ್ಣನ ಹೆಂಡತಿ, ಅಂದರೆ ನಮ್ಮ ನೀಲವ್ವ ವೈನಿ, ನನಗೆ ಫೋನು ಮಾಡಿ ದನಿ ತಗ್ಗಿಸಿದಳು.

"ಶಾಂತಕ್ಕಾ, ಹುಡುಗ ಹುಬ್ಬಳ್ಳಿ ಕಡೆ ಕಂಪನ್ಯಾಗ ಅದಾನ ಅಂದಿದ್ರಲ್ಲ? ಅದು ಬಿಯರ್ ಕಂಪನಿ ಅಂತ. ಅಂವ ಅಲ್ಲಿ ಲೆಕ್ಕಾ ಬರೀತಾನ ಅಂದ್ರ ನಡೀತಿತ್ತು. ಬಿಯರ್ ಮಾಡಾಂವನ ಅವನಂತ!"

ಬೇರೆ ಮನೆಯಲ್ಲಾದರೆ ಇದು ನಾಲ್ಕು ದಿನದ ಮಾತು. ನಮ್ಮ ಮನೆಯಲ್ಲಿ ಹಾಗಲ್ಲ. ನಮ್ಮ ಕೊನೆಯ ತಮ್ಮ ಬಸು ಗಜೇಂದ್ರಗಡದಲ್ಲಿ ಮಗ್ಗದ ಕೆಲಸ ಮಾಡುತ್ತಿದ್ದ. ಸೀರೆಯ ಅಂಚು ನೇಯುವುದರಲ್ಲಿ ಅವನನ್ನು ಸರಿಗಟ್ಟುವವರು ಇರಲಿಲ್ಲ. ಕುಡಿದು ಕುಡಿದು ಹೋದ. ಮದುವೆಯನ್ನೂ ಮಾಡಿಕೊಳ್ಳದೆ, ನಲವತ್ತೂ ತುಂಬದೆ ಹೋದ. ಅವನನ್ನು ಅಂಗಡಿಗಳ ಮುಂದಿನಿಂದ ಎಬ್ಬಿಸಿಕೊಂಡು ಬಂದವನು ಅಣ್ಣ. ಆ ಅಣ್ಣನಿಗೆ ಈಗ ಬಿಯರ್ ಮಾಡುವ ಅಳಿಯ!

ಅಣ್ಣ ಬೇಡ ಅನ್ನಲಿಲ್ಲ. ಹೂಂ ಅಂತಲೂ ಅನ್ನಲಿಲ್ಲ. ಮಾತೇ ನಿಲ್ಲಿಸಿದ. ಸವಿತಾ ರಜೆಗೆ ಬಂದವಳು ಅಪ್ಪನ ಎದುರು ಕೂತು ಹೇಳಿದಳಂತೆ, "ಅಪ್ಪಾ, ನೀ ಬ್ಯಾಡಂದ್ರ ನಾ ಓಡಿ ಹೋಗಾಕಿ ಅಲ್ಲ. ಆದ್ರ ಇನ್ನೊಬ್ಬ ಹುಡುಗನ ಮುಂದ ಚಾ ಹಿಡಕೊಂಡು ನಿಂದ್ರು ಅಂತ ನನಗ ಹೇಳಬ್ಯಾಡ."

ಅವಳು ಅಪ್ಪನ ಮಗಳು. ಒಮ್ಮೆ ಅಂದರೆ ಮುಗಿಯಿತು.

ಆಗ ನಡುವೆ ಬಂದವರು ಕಲ್ಲಪ್ಪ ಕಾಕಾ. ನಮ್ಮ ಮನೆತನದಲ್ಲಿ ಉಳಿದಿರುವ ಹಿರಿಯರು. ಯಾರ ಮನೆಯ ಲಗ್ನವಾದರೂ ಇವರು ಮುಂದೆ. ಶಾಸ್ತ್ರ ಒಂದು ತಪ್ಪಿದರೆ ಇವರಿಗೆ ಊಟ ಸೇರುವುದಿಲ್ಲ. "ಹುಡುಗನ ಹೊಲಮನಿ ನೋಡೂಣು. ನೋಡದ ಹೂಂ ಅನ್ನೂದೂ ತಪ್ಪು, ಬ್ಯಾಡ ಅನ್ನೂದೂ ತಪ್ಪು," ಎಂದರು.

ಹೊಲಮನಿ ನೋಡುವುದೆಂದರೆ ನಿಮಗೆ ಗೊತ್ತೇ ಇದೆ. ಹೆಣ್ಣಿನ ಕಡೆಯ ಹಿರಿಯರು ಹುಡುಗನ ಊರಿಗೆ ಹೋಗಿ ಹೊಲದ ಮಣ್ಣು ಹಿಡಿದು ನೋಡುವುದು, ದನಗಳ ಬೆನ್ನು ಸವರುವುದು, ಬಚ್ಚಲಿನ ನೀರು ಎಲ್ಲಿ ಹರಿಯುತ್ತದೆ ಎಂದು ಇಣುಕುವುದು. ನಮ್ಮ ಮನೆತನದಲ್ಲಿ ಇನ್ನೊಂದು ಕಟ್ಟಳೆಯೂ ಇದೆ. ಮನಸ್ಸಿಗೆ ಬರುವವರೆಗೆ ಅವರ ಅಂಗಳದಲ್ಲಿ ಬಾಯಿಗೆ ಏನೂ ಹಾಕಬಾರದು. ಹನಿ ನೀರೂ ಇಲ್ಲ. ಹಾಕಿದರೆ ಒಪ್ಪಿದಂತೆ. ಆಮೇಲೆ ಬೇಡ ಅನ್ನುವಂತಿಲ್ಲ. (ನಮ್ಮ ನೀರನ್ನೇ ಬಾಟಲಿಯಲ್ಲಿ ಒಯ್ದು ಕುಡಿಯಬಹುದಲ್ಲ ಎಂದು ನಾನೂ ಕೇಳಿದ್ದೆ. ಅವರ ಅಂಗಳದಲ್ಲಿ ಕೂತು ನಮ್ಮ ನೀರು ಕುಡಿದರೆ ಅದು ಅವಮಾನವಂತೆ.)

ಆದರೆ ಮಂಜುನಾಥನಿಗೆ ಹೊಲವೇ ಇಲ್ಲ. ನರೇಗಲ್ಲಿನಲ್ಲಿ ತಾಯಿ ಇರುವ ಎರಡು ಖೋಲಿಯ ಮನೆ ಬಾಡಿಗೆಯದು. ಕಾಕಾ ಫೋನಿನಲ್ಲಿ ಕೇಳಿದ್ದಕ್ಕೆ ಹುಡುಗ ಅಂದನಂತೆ, "ನಾ ದುಡಿಯೂ ಜಾಗಾಕ್ಕ ಬಂದ ನೋಡ್ರಿ. ದಿನದ ಹೆಚ್ಚಿನ ಹೊತ್ತು ನಾ ಇರೂದು ಅಲ್ಲೇ. ಅದ ನನ್ನ ಹೊಲಾ, ಅದ ನನ್ನ ಮನಿ."

ಹೀಗೆ ಹೊರಟಿತು ನಮ್ಮ ದಂಡು. ಅಣ್ಣ, ವೈನಿ, ಕಾಕಾ, ನಾನು. ಹುಡುಗನ ತಾಯಿ ಗಂಗವ್ವ ಹಿಂದಿನ ದಿನವೇ ಹೋಗಿದ್ದರು. ರೋಣದಿಂದ ನರಗುಂದ, ನವಲಗುಂದ ದಾಟಿ ಹುಬ್ಬಳ್ಳಿ ಮುಟ್ಟುವವರೆಗೆ ಅಣ್ಣ ಕಿಟಕಿಯಾಚೆ ನೋಡುತ್ತ ಕೂತಿದ್ದ. ರಂಟೆ ಹೊಡೆದು ಮಳೆಗೆ ಕಾದ ಕರಿ ಹೊಲಗಳು. "ಕಾರಿನ್ಯಾಗ ಎಸಿ ಬಂದ ಆಗೈತೇನ್?" ಎಂದು ಕಾಕಾ ಕೇಳಿದ್ದು ಬಿಟ್ಟರೆ ಮಾತೇ ಇಲ್ಲ.

ನಾನು ಬಿಯರ್ ಗಾರ್ಡನ್ ಅಂದರೆ ಏನೇನೋ ಕಲ್ಪಿಸಿಕೊಂಡಿದ್ದೆ. ಕತ್ತಲೆ ಕೋಣೆ, ಕೆಂಪು ದೀಪ, ಹೊಗೆ. ನೋಡಿದರೆ ಬಯಲು! ಊರ ಹೊರಗೆ, ರಸ್ತೆಯಿಂದ ಒಳಗೆ, ಒಂದು ದೊಡ್ಡ ಕಣ ಇದ್ದಂತೆ ಇದೆ. ಬೇವು, ಹೊಂಗೆ, ಒಂದು ಹಳೆಯ ಹುಣಸೆ ಮರ. ಮರಗಳ ಕೆಳಗೆ ಟೇಬಲ್ಲು. ನೀರಿನ ತುಂತುರು ಎರಚುವ ಫ್ಯಾನು. ಹುಣಸೆ ಮರಕ್ಕೆ ಜೋಕಾಲಿ, ಅದರಲ್ಲಿ ಯಾರದೋ ಕೂಸು. ಹೆಂಗಸರೂ ಕೂತಿದ್ದಾರೆ. ಅಜ್ಜಿಯೊಬ್ಬಳು ಕಬ್ಬಿನ ಹಾಲು ಕುಡಿಯುತ್ತ ಮೊಮ್ಮಗನಿಗೆ ಫ್ರೆಂಚ್ ಫ್ರೈ ಊದಿ ಊದಿ ತಿನ್ನಿಸುತ್ತಿದ್ದಾಳೆ.

ಆ ಜನರ ನಡುವೆ ನಾವು. ಕಾಕಾನ ತಲೆಗೆ ದೊಡ್ಡ ಕೆಂಪು ಪಟಕ. ಅಣ್ಣನಿಗೆ ಬಿಳಿ ಧೋತರ, ಹೆಗಲ ಮೇಲೆ ಟವೆಲ್. ವೈನಿ ಇಳಕಲ್ ಸೀರೆ ಉಟ್ಟು ತಲೆತುಂಬ ಸೆರಗು ಹೊದ್ದಿದ್ದಳು. ಚಡ್ಡಿ ಹಾಕಿದ ಒಬ್ಬ ಯುವಕ ಎದ್ದು ಬಂದು ಕಾಕಾಗೆ ಕೈ ಮುಗಿದ.

"ಅಜ್ಜಾರ, ನಿಮ್ಮ ಪ್ರೋಗ್ರಾಂ ಎಷ್ಟ ಗಂಟೇಕ್ರಿ? ಡೊಳ್ಳೋ, ಭಜನೋ?"

"ಲಗ್ನದ್ದು ಐತಿ. ಇನ್ನೂ ಖಾತ್ರಿ ಇಲ್ಲ," ಎಂದರು ಕಾಕಾ ಗಂಭೀರವಾಗಿ.

ಮಂಜುನಾಥ ಓಡಿ ಬಂದ. ರಬ್ಬರ್ ಬೂಟು, ತೊಯ್ದ ಅಂಗಿ. ಎಲ್ಲರ ಕಾಲಿಗೂ ನಮಸ್ಕರಿಸಿದ. ಅಣ್ಣನನ್ನು ಮಾವ ಅನ್ನಲಿಲ್ಲ, "ಯಜಮಾನ್ರ" ಅಂದ. ಕಾಕಾ ನನ್ನ ಕಿವಿಯಲ್ಲಿ, "ಅವಸರದಾಂವ ಅಲ್ಲ," ಎಂದು ಒಂದು ಮಾರ್ಕು ಕೊಟ್ಟರು.

ತಪಾಸಣೆ ಶುರುವಾಯಿತು. ಕಾಕಾ ಚಪ್ಪಲಿಯ ತುದಿಯಿಂದ ನೆಲ ಕೆದರಿದರು. "ಮಣ್ಣು ಹೊರಗಿಂದು. ತಂದ ಹಾಕ್ಯಾರ." ಬೋರಿನ ನೀರು ಎಷ್ಟು ಆಳ, ಉಪ್ಪೋ ಸಿಹಿಯೋ ಎಂದು ಕೇಳಿದರು. ದನ ಎಲ್ಲಿ ಎಂದೂ ಕೇಳಿಬಿಟ್ಟರು! ಹುಡುಗ ನಗಲಿಲ್ಲ. "ದನ ಇಲ್ರಿ ಅಜ್ಜಾರ. ಆದ್ರ ಕುದಿಸಿ ಸೋಸಿದ ಮ್ಯಾಲ ಉಳಿದ ಕಾಳಿನ ಚರಟಾ ಸುತ್ತ ಹಳ್ಳಿ ದನಗೋಳಿಗೆ ಹೋಗತೈತಿ," ಎಂದ. ಕಾಕಾಗೆ ಅಷ್ಟು ಸಾಕಾಯಿತು.

ವೈನಿಯ ಪರೀಕ್ಷೆ ಬೇರೆ. ಬಯಲಿನ ಹಿಂಬದಿಯ ಶೆಡ್ಡಿನೊಳಗೆ ಬಿಯರ್ ಮಾಡುವ ಆಳೆತ್ತರದ ಸ್ಟೀಲ್ ಹಂಡೆಗಳು ಸಾಲಾಗಿ ನಿಂತಿದ್ದವು. ಒಂದರ ಮೇಲೆ ಬೆರಳಾಡಿಸಿ ಬೆರಳು ನೋಡಿಕೊಂಡಳು.

"ಇವನ್ನೆಲ್ಲಾ ಯಾರಪಾ ತಿಕ್ಕೂದು?"

"ನಾನ ರೀ. ನನ್ನ ಕೆಲಸದಾಗ ಮುಕ್ಕಾಲು ಪಾಲು ತೊಳಿಯೂದ ಐತಿ. ಒಂಚೂರು ಹೊಲಸು ಉಳದ್ರ ಪೂರಾ ಹಂಡೇನ ಹುಳತು ಹೋಗತೈತ್ರಿ."

ವೈನಿ ನನ್ನ ಕಡೆ ತಿರುಗಿದಳು. "ಶಾಂತಕ್ಕಾ, ಪಾತ್ರಿ ತಿಕ್ಕೂ ಗಂಡಸು!" ಆಕೆಯ ಮಟ್ಟಿಗೆ ಲಗ್ನ ಅಲ್ಲೇ ಮುಗಿದಿತ್ತು.

ಉಳಿದವನು ಅಣ್ಣ. ಅವನು ಒಂದು ಮಾತೂ ಕೇಳದೆ ಹಿಂದೆ ಹಿಂದೆ ಬರುತ್ತಿದ್ದ. ಕೊನೆಗೆ ಕಾಳಿನ ಕೋಣೆಗೆ ಬಂದೆವು. ಗೋಡೆಗುಂಟ ಬಾರ್ಲಿಯ ಚೀಲಗಳು. ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ ಬಾರ್ಲಿ. ಒಂದು ಚೀಲದ ಬಾಯಿ ಬಿಚ್ಚಿತ್ತು.

ಕಾಳಿನ ಚೀಲ ಕಂಡರೆ ಒಕ್ಕಲಿಗನ ಕೈ ಸುಮ್ಮನಿರುತ್ತದೆಯೇ? ಅಣ್ಣ ಮೊಣಕೈವರೆಗೆ ಕೈ ಇಳಿಸಿ ತಳದಿಂದ ಒಂದು ಹಿಡಿ ತೆಗೆದ. ಅಂಗೈಯಲ್ಲಿ ಹರಡಿದ. ಮೂಸಿದ. ಹೊಟ್ಟು ಊದಿದ. ಆಮೇಲೆ, ಜೋಳವಿರಲಿ ಗೋಧಿ ಇರಲಿ ಜೀವಮಾನವೆಲ್ಲ ಹೇಗೆ ಮಾಡಿದ್ದಾನೋ ಹಾಗೆ, ಎರಡು ಕಾಳು ಬಾಯಿಗೆಸೆದು ಕಟಂ ಎಂದು ಕಡಿದ. ತಲೆ ಅಲ್ಲಾಡಿಸಿದ. ಇನ್ನೆರಡು ಎಸೆದ. ಅಗಿದ.

"ಸಿಹಿ ಐತಿ," ಎಂದ. ಬೆಳಗಿನಿಂದ ಅವನ ಬಾಯಿಂದ ಬಂದ ಮೊದಲ ಮಾತು.

ನಾವೆಲ್ಲ ಅವನ ಬಾಯಿಯನ್ನೇ ನೋಡಿದೆವು.

"ಈರಪ್ಪಾ!" ಕಾಕಾ ಪಟಕ ಹಿಡಿದುಕೊಂಡರು. "ಬಾಯಿಗಿ ಹಾಕಿದಿ!"

ಅಣ್ಣನ ದವಡೆ ನಿಂತಿತು. "ಕಾಳ ನೋಡಿದ್ನಿ ಕಾಕಾ. ತಿಂದಿಲ್ಲ."

"ಉಗುಳಿದಿಯೋ, ನುಂಗಿದಿಯೋ?"

ಅಣ್ಣ ಸುಳ್ಳು ಹೇಳುವವನಲ್ಲ. "...ಹೋತು."

"ಹೋತಲ್ಲಾ! ಹಂಗಾರ ಮುಗೀತು!" ವೈನಿಗೆ ಸಂತೋಷ ತಡೆಯಲಾಗಲಿಲ್ಲ. ನಮ್ಮ ಹಿಂದೆಯೇ ಬಂದಿದ್ದ ಗಂಗವ್ವ ಆಗಲೇ ಎರಡೂ ಕೈ ಜೋಡಿಸಿ ನಿಂತಿದ್ದರು. "ಅಣ್ಣಾರ, ನೀವು ಸಿಹೀನೂ ಐತಿ ಅಂದ್ರಿ," ಎಂದರು ಸಣ್ಣ ದನಿಯಲ್ಲಿ. ಕಾಕಾಗೆ ಪೀಕಲಾಟ. ಕಟ್ಟಳೆಯಂತೆ ಒಪ್ಪಿಗೆ ಆಗಿಹೋಗಿದೆ. ಆದರೆ ಒಪ್ಪಿದವನ ಮುಖ ಸುಣ್ಣವಾಗಿದೆ!

ನಾನು ಸತ್ಯ ಹೇಳಿಬಿಡುತ್ತೇನೆ. ಆಗ ನಾನೂ ಒಳಗೊಳಗೇ ಖುಷಿಪಟ್ಟೆ. ಹೇಗೋ ಒಂದು ದಾರಿ ಆಯಿತಲ್ಲ, ಹುಡುಗಿಯ ಮನಸ್ಸಿನಂತೆ ಆಯಿತಲ್ಲ ಎಂದು. ಆದರೆ ಮಂಜುನಾಥ ಮುಂದೆ ಬಂದ.

"ಅಜ್ಜಾರ, ಇದು ಲೆಕ್ಕಕ್ಕಿಲ್ರಿ. ಕಾಳ ನೋಡಾಕ ಯಾರಿದ್ರೂ ಕಡೀತಾರ, ನಾನೂ ಕಡೀತೀನಿ. ಯಜಮಾನ್ರು ಮರತು ಹೂಂ ಅಂದ್ರು ಅಂತ ನಾ ಅವರ ಮಗಳನ್ನ ಕರಕೊಂಡ ಹೋಗಂಗಿಲ್ಲ. ತಿಳದ ಅನ್ನಬೇಕು."

ಗಂಗವ್ವ ಮಗನನ್ನು ನೋಡಿದ ನೋಟ ಇದೆಯಲ್ಲ! ಕೈಗೆ ಬಂದದ್ದನ್ನು ಕೆಡಿಸಿದೆಯಲ್ಲೋ ಎಂದು. ಅಣ್ಣ ಮಾತ್ರ ಮೊದಲ ಸಲ ಹುಡುಗನ ಮುಖವನ್ನು ನೇರ ನೋಡಿದ. ನೋಡಿ, ಅಲ್ಲಿಯವರೆಗೆ ಒಳಗೇ ಕುದಿಯುತ್ತಿದ್ದದ್ದನ್ನು ಕೇಳಿಯೇಬಿಟ್ಟ.

"ನೀ ಕುಡೀತಿಯೇನಪಾ?"

ಇಲ್ಲ ಅನ್ನು, ಇಲ್ಲ ಅನ್ನು ಎಂದು ವೈನಿಯ ತುಟಿ ಆಡುತ್ತಿತ್ತು.

"ಕುಡೀತೀನ್ರಿ," ಎಂದ ಹುಡುಗ. "ಹಂಡಿ ಹಂಡೀದು ರುಚಿ ನೋಡಬೇಕು, ಅದು ಕೆಲಸ. ಗುಟುಕು ಹಾಕಿ ಉಗುಳತೀನಿ. ಆದ್ರ ಸೋಮವಾರ ನಮಗ ಸೂಟಿ. ಐತವಾರ ಕೆಲಸ ಮುಗದ ಮ್ಯಾಲ ಗೆಳ್ಯಾರ ಕೂಡ ಒಂದ ಗ್ಲಾಸ್ ಕುಡೀತೀನಿ. ಒಂದ. ಇಲ್ಲ ಅಂದ್ರ ಸುಳ್ಳಾಗತೈತಿ."

ಅಣ್ಣ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆದ.

ಹಾಗೆ ನಾವು ಬಂದು ಕೂತದ್ದು ಆ ಬೇವಿನ ಮರದ ಕೆಳಗೆ, ಆ ನೀರಿನ ಜಗ್ಗಿನ ಎದುರು. ಅಣ್ಣ ಸ್ವಲ್ಪ ಹೊತ್ತು ಕೂತ. ಆಮೇಲೆ ಎದ್ದು ದೂರದ ಹುಣಸೆ ಮರದ ಕಟ್ಟೆಗೆ ಹೋಗಿ ಒಬ್ಬನೇ ಕೂತುಕೊಂಡ. ಮದುವೆ ಮುರಿಯಿತು ಎಂದು ನಾವೆಲ್ಲ ತಿಳಿದೆವು. ನಾನು ಎದ್ದು ಅಣ್ಣನ ಬಳಿ ಹೋದೆ.

ನಮ್ಮೂರಲ್ಲೂ ಕುಡಿಯುವವರಿದ್ದಾರೆ. ಎಲ್ಲಿ ಕುಡಿಯುತ್ತಾರೆ? ಅಂಗಡಿಗಳ ಹಿಂದೆ, ಗೋಡೆಗೆ ಮುಖ ಮಾಡಿ, ನಿಂತಲ್ಲೇ, ಗಟಗಟ. ಯಾರಾದರೂ ನೋಡಿಯಾರು ಎಂಬ ಅವಸರ. ನೆರಳಿಲ್ಲ, ಕುರ್ಚಿ ಇಲ್ಲ, ತಟ್ಟೆಯಲ್ಲಿ ಊಟವಿಲ್ಲ. ಆಮೇಲೆ ರಸ್ತೆಯ ಬದಿ. ನಾವು ಹೆಂಗಸರು ಅದನ್ನು ನೋಡದಂತೆ ಮುಖ ತಿರುಗಿಸಿ ಬಸ್ಸು ಹತ್ತುತ್ತೇವೆ. ಇಲ್ಲಿ ನೋಡಿದರೆ ಎಲ್ಲ ಬೆಳಕಿನಲ್ಲೇ ನಡೆದಿದೆ. ಇದು ಒಳ್ಳೆಯದೋ ಕೆಟ್ಟದ್ದೋ? ನನಗಂತೂ ಕೂಡಲೇ ಹೇಳಲು ಬರಲಿಲ್ಲ. (ನಾನು ಇಲ್ಲಿ ಬಿಯರಿನ ಜಾಹೀರಾತು ಬರೆಯುತ್ತಿಲ್ಲ. ನಮ್ಮ ಪತ್ರಿಕೆಯ ಸಂಪಾದಕರು ಹೆದರುವುದು ಬೇಡ.)

ಕಟ್ಟೆಯ ಹತ್ತಿರದ ಟೇಬಲ್ಲಿನಲ್ಲಿ ನಾಲ್ಕು ಮಂದಿ ಗಂಡಸರು ಕೂತಿದ್ದರು. ಅವರಲ್ಲಿ ಒಬ್ಬನ ದನಿ ಏರುತ್ತಿತ್ತು. ಕೈಗೆ ಬಂಗಾರದ ಕಡಗ, ಎದುರಿಗೆ ಖಾಲಿ ಗ್ಲಾಸು. ನರಗುಂದದ ಸಪ್ಲೈಯರ್ ಹೋಗಿ ಮಂಜುನಾಥನನ್ನು ಕರೆತಂದರು. ನಾವು ಮರದ ಈಚೆ. ಅವನು ನಮ್ಮನ್ನು ಗಮನಿಸಲಿಲ್ಲ.

"ಇನ್ನೊಂದ ಕೇಳಿ ಎಷ್ಟ ಹೊತ್ತಾತು?" ಎಂದ ಕಡಗದವನು.

"ಇವತ್ತಿಗೆ ಸಾಕ್ರಿ ಸರ್."

"ಸಾಕೋ ಬೇಕೋ ಹೇಳಾಕ ನೀ ಯಾರೋ? ಪುಕ್ಕಟಿ ಕೊಡ್ತಿಯೇನ? ರೊಕ್ಕಾ ಕೊಡ್ತೀನಿ."

"ಕೊಡ್ತೀರ್ರಿ, ಗೊತ್ತೈತಿ. ಆದ್ರ ಇದನ್ನ ಮಾಡಿದಾಂವ ನಾ. ಎಲ್ಲಿಗೆ ಸಾಕು ಅನ್ನೂದು ನಾನ ಹೇಳಬೇಕಾಗತೈತಿ."

"ನಿಮ್ಮ ಮಾಲಕಗ ಫೋನ್ ಹಚ್ಚಲೇನ?"

"ಹಚ್ಚ್ರಿ. ಅದಕ್ಕಿಂತ ಮೊದಲ ಮೊಸರನ್ನ ತರಸ್ತೀನಿ, ಉಣ್ರಿ. ಮತ್ತ ಗಾಡಿ ಹೊಡ್ಯಾವ್ರು ಯಾರ್ರಿ ನಿಮ್ಮಾಗ? ಕುಡೀಲಾರದಾವ್ರು?"

ಜೊತೆಯಲ್ಲಿದ್ದ ಒಬ್ಬ ಕೈ ಎತ್ತಿದ. ಮಂಜುನಾಥ ಅವನ ಕೈಗೆ ಕೀಲಿ ಕೊಡಿಸಿದ. ಕಡಗದವನು ಇನ್ನೂ ಏನೇನೋ ಅಂದ. ಮನೆತನದ ಮೇಲೂ ಅಂದ. ಮಂಜುನಾಥ ನಿಂತಲ್ಲೇ ಕೇಳಿಸಿಕೊಂಡ, ಆದರೆ ಗ್ಲಾಸು ತುಂಬಿಸಲಿಲ್ಲ. ಮೊಸರನ್ನ ಬಂತು. ಬೈದವನು ಬೈಯುತ್ತಲೇ ಉಂಡ. ಉಪ್ಪಿನಕಾಯಿ ಬೇರೆ ಕೇಳಿದ!

ಅಣ್ಣ ಎಲ್ಲವನ್ನೂ ನೋಡುತ್ತಿದ್ದ. ನನ್ನ ಕಡೆ ತಿರುಗಿ ಹೇಳಿದ.

"ತಂಗೀ, ನಮ್ಮ ಬಸೂಗ ಸಾಕು ಅನ್ನಾಂವ ಒಬ್ಬಾಂವ ಸಿಗಲಿಲ್ಲ ನೋಡು."

"ನಾವು ಅಂದ್ವಲ್ಲೋ ಅಣ್ಣಾ. ಅವ್ವ ಅಂದ್ಲು, ನೀ ಅಂದಿ, ನಾ ಅಂದೆ."

"ನಾವು ಮನ್ಯಾಗ ಅಂದ್ವಿ. ಕುಡದ ಬಂದ ಮ್ಯಾಲ ಅಂದ್ವಿ. ಕೊಡಾಂವ ಯಾವನೂ ಅನ್ನಲಿಲ್ಲ. ನಾ ಕೈ ಮುಗದ ಕೇಳೀನಿ ಅವರ್ನ, ಕೊಡಬ್ಯಾಡ್ರೋ ಅಂತ. ಅಂವ ಕೇಳ್ತಾನ, ನಾವ್ ಕೊಡ್ತೀವಿ ಅಂದ್ರು."

ಈ ಮಾತು ಅಣ್ಣ ನನಗೆ ಎಂದೂ ಹೇಳಿರಲಿಲ್ಲ. ಅವನು ಅಂಗಡಿಯವರ ಮುಂದೆ ಕೈ ಮುಗಿದು ನಿಂತದ್ದನ್ನು ನಾನು ಕಣ್ಣ ಮುಂದೆ ತಂದುಕೊಂಡೆ.

ಮಂಜುನಾಥ ತಿರುಗಿದಾಗ ನಾವು ಅವನ ಕಣ್ಣಿಗೆ ಬಿದ್ದೆವು. ಬೈಗುಳ ಕೇಳಿಸಿಕೊಂಡದ್ದನ್ನು ನೋಡಿಬಿಟ್ಟರಲ್ಲ ಎಂದು ಅವನಿಗೆ ನಾಚಿಕೆ.

"ನಿಮ್ಮ ಮಾಲಕರು ಸಿಟ್ಟ ಮಾಡಂಗಿಲ್ಲೇನು?" ಅಣ್ಣ ಕೇಳಿದ.

"ಮಾಡ್ತಾರ್ರಿ. ಗಿರಾಕಿ ಹೋತು ಅಂತ ಅಂತಾರ. ಅನ್ನಿಸ್ಕೋತೀನಿ."

"ನಾಳೆ ಕೆಲಸದಿಂದ ತಗದ್ರ?"

"ಬಾರ್ಲಿ ಬ್ಯಾರೆ ಕಡೇನೂ ನೆನೀತೈತ್ರಿ," ಎಂದ ಹುಡುಗ.

ಅಣ್ಣನ ಮೀಸೆಯ ಕೆಳಗೆ ಏನೋ ಅಲುಗಿದಂತಾಯಿತು. ನಗುವೋ ಏನೋ. ಹುಡುಗ ಆಚೆ ಹೋದ ಮೇಲೆ ಜೇಬಿನಿಂದ ಫೋನು ತೆಗೆದು ನನ್ನ ಕೈಗೆ ಕೊಟ್ಟ. "ಸವಿಗೆ ಹಚ್ಚು. ದೊಡ್ಡಕ ಕೇಳೂ ಹಂಗ ಮಾಡು."

ಸವಿತಾ ಡ್ಯೂಟಿಯ ಮೇಲಿದ್ದಳು. ಆದರೂ ಮೊದಲ ರಿಂಗಿಗೇ ಎತ್ತಿದಳು. ಬೆಳಗಿನಿಂದ ಫೋನು ಕೈಯಲ್ಲೇ ಹಿಡಿದು ತಿರುಗಿರಬೇಕು.

"ಆ ಹುಡುಗ ಕುಡೀತಾನಂತವ್ವಾ," ಅಣ್ಣ ಪೀಠಿಕೆ ಇಲ್ಲದೆ ಹೇಳಿದ. "ನಿನಗ ಗೊತ್ತೈತೇನು?"

"ಗೊತ್ತೈತಿ ಅಪ್ಪಾ. ಐತವಾರ ಒಂದ ಗ್ಲಾಸ್. ನನಗ ಮೊದಲನೇ ದಿನಾನ ಹೇಳ್ಯಾನ."

"ಮತ್ತ ನನಗ್ಯಾಕ ಹೇಳಲಿಲ್ಲ ನೀ?"

ಆಚೆ ಕಡೆ ಯಾವುದೋ ಮಷೀನಿನ ಬೀಪ್ ಬೀಪ್ ಕೇಳಿಸಿತು.

"ಅಂವ ನನಗ ಹೇಳೂದು ಸರಳ ಅಪ್ಪಾ. ನಿನಗ ಹೇಳೂದು ಕಠಿಣ. ನಿನ್ನ ಮುಂದ ಹೇಳತಾನೋ ಮುಚ್ಚತಾನೋ ಅನ್ನೂದು ನನಗೂ ಗೊತ್ತಾಗಬೇಕಾಗಿತ್ತು. ಮುಚ್ಚಿದ್ರ ನಾನ ಬ್ಯಾಡ ಅಂತಿದ್ದೆ." ಆಮೇಲೆ ದನಿ ಸಣ್ಣದಾಯಿತು. "ಹೇಳಿದ್ನೇನು?"

"ಹೇಳಿದ."

"ಹಂಗಾರ ನಂದು ಮುಗೀತು. ಇನ್ನ ನಿಂದು."

ಓದುಗರೇ, ನಾವು ಹಿರಿಯರೆಲ್ಲ ಗಾಡಿ ಮಾಡಿಕೊಂಡು, ಪಟಕ ಸುತ್ತಿಕೊಂಡು, ನೀರೂ ಕುಡಿಯದೆ ಪರೀಕ್ಷೆ ಮಾಡಲು ಹೋಗಿದ್ದೆವು. ಗದಗಿನಲ್ಲಿ ಸಲೈನು ಹಚ್ಚುತ್ತ ನಿಂತ ಹುಡುಗಿ ನಮಗಿಂತ ಮೊದಲೇ ಪ್ರಶ್ನೆಪತ್ರಿಕೆ ತಯಾರು ಮಾಡಿದ್ದಳು. ಲಗ್ನ ಅವಳದು. ಅವಳನ್ನು ಬಿಟ್ಟು ಎಲ್ಲರೂ ಹೋಗಿದ್ದೆವಲ್ಲ, ನಮಗೆ ಏನನ್ನಬೇಕು?

ಅಣ್ಣ ಎದ್ದು ಟೇಬಲ್ಲಿಗೆ ನಡೆದ. ಎಲ್ಲರೂ ಅವನ ಮುಖ ನೋಡಿದರು. ಅವನು ಕೂತು, ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು, ಸಪ್ಲೈಯರನ್ನು ಕೂಗಿದ.

"ಏನ್ರಿ ನರಗುಂದದವರ, ಚಲೋ ಮಜ್ಜಿಗಿ ಸಿಗತೈತೇನ್ರಿ ನಿಮ್ಮಲ್ಲಿ?"

"ಈರಪ್ಪಾ," ಕಾಕಾ ಕೈ ಹಿಡಿದರು. ಈ ಸಲ ಅವರು ಪೂರಾ ಹುಷಾರು. "ತಿಳದ ಕೇಳಾಕತ್ತಿಯೋ, ನೀರಡಿಸಿ ಕೇಳಾಕತ್ತಿಯೋ?"

"ಎರಡೂ," ಎಂದ ಅಣ್ಣ.

ಗಂಗವ್ವ ಎದ್ದು ನಿಂತರು, ಕೂತರು, ಮತ್ತೆ ಎದ್ದರು. ನಮ್ಮ ಜೊತೆ ಅವರೂ ಬೆಳಗಿನಿಂದ ಹನಿ ನೀರು ಮುಟ್ಟಿರಲಿಲ್ಲ. ದಿನಾ ಅಷ್ಟು ಮಕ್ಕಳಿಗೆ ಬಡಿಸುವ ಕೈ, ಮಜ್ಜಿಗೆ ಸುರಿಯುವಾಗ ಅರ್ಧ ಟೇಬಲ್ಲಿಗೆ ಚೆಲ್ಲಿತು. ಕಾಕಾ ಒಂದೇ ಉಸಿರಿಗೆ ಕುಡಿದು, ಮೀಸೆ ಒರೆಸಿಕೊಂಡು, ಚಡ್ಡಿ ಹಾಕಿದ ಆ ಯುವಕನನ್ನು ದೂರದಿಂದಲೇ ಕೂಗಿ ಹೇಳಿದರು, "ತಮ್ಮಾ, ಪ್ರೋಗ್ರಾಂ ಖಾತ್ರಿ ಆತು!"

ಇಷ್ಟಕ್ಕೇ ಅಣ್ಣನ ಎದೆಯೊಳಗಿನ ಅಂಜಿಕೆ ಹೋಯಿತು ಎಂದು ನಾನು ಬರೆಯುವುದಿಲ್ಲ. ಅಂಥ ಅಂಜಿಕೆ ಒಂದು ಮಧ್ಯಾಹ್ನಕ್ಕೆ ಹೋಗುವುದಲ್ಲ. ಹೊರಡುವಾಗ ಅವನು ಹುಡುಗನನ್ನು ಬದಿಗೆ ಕರೆದು, "ಒಂದ ಗ್ಲಾಸ್ ಎರಡಾದ ದಿನ ನನಗ ಫೋನ್ ಮಾಡು. ಬೈಯಂಗಿಲ್ಲ. ಬರ್ತೀನಿ," ಅಂದದ್ದನ್ನು ನಾನು ಕೇಳಿಸಿಕೊಂಡೆ. ಹುಡುಗ "ಹೂಂನ್ರಿ ಮಾವಾರ" ಅಂದದ್ದನ್ನೂ ಕೇಳಿಸಿಕೊಂಡೆ.

ಮುಂದಿನ ವಾರ ನಿಶ್ಚಯದ ಮಾತಿಗೆಂದು ಅಸೂಟಿಗೆ ಹೋಗಿದ್ದೆ. ಊರಿಗೆ ಏನು ಹೇಳಬೇಕು ಎಂಬ ಚರ್ಚೆ ಅಡುಗೆಮನೆಯಲ್ಲಿ ನಡೆದಿತ್ತು. ಫುಡ್ ಕಂಪನಿ ಅನ್ನೋಣ ಎಂದಳು ವೈನಿ. ಬಾರ್ಲಿ ನೀರಿನ ಕಾರ್ಖಾನೆ ಎಂಬುದು ಕಾಕಾನ ಸಲಹೆ. ಅಣ್ಣ ಯಾರ ಮಾತೂ ಕೇಳದೆ ಮನೆ ಮುಂದಿನ ಕಟ್ಟೆಗೆ ಹೋಗಿ ಊರವರ ನಡುವೆ ಕೂತ. ನಾನೂ ಬಾಗಿಲಲ್ಲಿ ನಿಂತೆ. ಪಕ್ಕದ ಮನೆಯ ಫಕೀರಪ್ಪ ಕೇಳಿಯೇಬಿಟ್ಟ. ಸಂಜೆಯಾದರೆ ಫಕೀರಪ್ಪ ಯಾವ ದಾರಿ ಹಿಡಿಯುತ್ತಾನೆ ಎನ್ನುವುದು ಊರಿಗೆಲ್ಲ ಗೊತ್ತು.

"ಅಳ್ಯಾ ಏನ್ ಮಾಡ್ತಾನಪಾ ಈರಪ್ಪಾ?"

"ಬಿಯರ್ ಮಾಡ್ತಾನ."

ಕಟ್ಟೆಯ ಮೇಲಿದ್ದವರೆಲ್ಲ ಅಣ್ಣನ ಕಡೆ ತಿರುಗಿದರು. "ಛೇ ಛೇ ಛೇ! ನಿಮ್ಮಂಥಾ ಮನಿತನದಾಗ?" ಎಂದು ಎಲ್ಲರಿಗಿಂತ ಜೋರಾಗಿ ಅಂದವನು ಫಕೀರಪ್ಪನೇ. ಉಳಿದವರು ಒಬ್ಬೊಬ್ಬರೇ ಎದ್ದು ಹೋದರು. ಫಕೀರಪ್ಪ ಹೋಗಲಿಲ್ಲ. ಅತ್ತ ಇತ್ತ ನೋಡಿ, ಅಣ್ಣನ ಪಕ್ಕಕ್ಕೆ ಸರಿದು, ದನಿ ತಗ್ಗಿಸಿದ.

"ಅಲ್ಲೋ ಈರಪ್ಪಾ, ಹಂಗಾರ ಲಗ್ನದಾಗ ನಮ್ಮಂಥಾವ್ರಿಗೆ ಏನರ ವ್ಯವಸ್ಥಾ ಐತೋ?"

"ಐತಿ," ಎಂದ ಅಣ್ಣ. "ಸಾಕು ಅನ್ನಾಕ ಅಳ್ಯಾನ್ನ ನಿಂದ್ರಸ್ತೀನಿ."